ಮಲೆನಾಡಿನಲ್ಲಿ ಫೋಟೊ ಹವ್ಯಾಸ: ಯಾವ ಕ್ಯಾಮೆರಾ, ಯಾವ ಲೆನ್ಸ್, ಯಾರಿಗೋಸ್ಕರ?

ತುಂಗೆ ದಂಡೆ

ನಮ್ಮ ಈ ಫೋಟೊ ಹರಟೆ ಕಟ್ಟೆಗೆ ಹೊಸಬರು ಬಂದಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಶಿವಮೊಗ್ಗ ಕಡೆಯವನು, ಹಕ್ಕಿ, ಜಲಪಾತ, ಮನೆ ಮಂದಿ ಎಲ್ಲ ತೆಗೆಯಬೇಕು, ಯಾವ ಕ್ಯಾಮೆರಾ ಕೊಳ್ಳಲಿ?" ತುಂಡು ತುಂಡಾಗಿ ಉತ್ತರ ಕೊಟ್ಟು ಸಾಕಾಯಿತು. ನನ್ನ ಹತ್ತಿರ ಯಾವ ಸಾಮಾನು ಬಂತು, ಯಾವುದು ಹೋಯಿತು, ಈಗ ಏನು ಉಳಿದಿದೆ, ಯಾಕೆ ಅಂತ ಒಂದೇ ಕಡೆ ಬರೆದುಬಿಡುತ್ತೇನೆ. ನಾನು ಹವ್ಯಾಸಿ, ಹೊಟ್ಟೆಪಾಡಿನ ಕೆಲಸ ಬೇರೆ. ಊರು ತೀರ್ಥಹಳ್ಳಿ ಕಡೆ, ವಾಸ ಶಿವಮೊಗ್ಗ. ಇಲ್ಲಿಯ ಮಳೆ, ಇಲ್ಲಿಯ ಬೆಳಕು ನೋಡಿಕೊಂಡು ಹೇಳುತ್ತಿದ್ದೇನೆ. ಬಳ್ಳಾರಿಯವರಿಗೆ ಇದರಲ್ಲಿ ಅರ್ಧ ಬೇಡದ ಮಾತು.

ಮೊದಲು ಬಂದಿದ್ದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ3100, ಜೊತೆಗೆ 18-55 ಕಿಟ್ ಲೆನ್ಸ್, ಅಂದರೆ ಕ್ಯಾಮೆರಾ ಜೊತೆಗೇ ಬರುವ ಸಾದಾ ಜೂಮ್. ಬಯಲಲ್ಲಿ ಅದಕ್ಕೆ ಏನೂ ತೊಂದರೆ ಇರಲಿಲ್ಲ. ಅಡಿಕೆ ತೋಟದೊಳಗೆ ಹೋದರೆ ಮಾತ್ರ ಉಸಿರು ಕಟ್ಟುತ್ತಿತ್ತು. ತೋಟದಲ್ಲಿ ನಡು ಮಧ್ಯಾಹ್ನವೂ ಮಬ್ಬು. ಆ ಲೆನ್ಸು 55ಕ್ಕೆ ಹೋದರೆ ಎಫ್ 5.6. ಈ ಎಫ್ ಅಂಕಿ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 1600ಕ್ಕೆ ಏರಿಸಿದರೂ ಶಟರ್ 1/30 ಸೆಕೆಂಡಿಗಿಂತ ವೇಗವಾಗುವುದಿಲ್ಲ. ಅಡಿಕೆ ಸುಲಿಯುವವರ ಕೈ ನಿಲ್ಲುತ್ತದೆಯೇ? ಹಾಗಾಗಿ ನಾನು ಮೊದಲು ಕೊಂಡ ಲೆನ್ಸು ಜೂಮ್ ಅಲ್ಲ, 35 ಎಂಎಂ ಎಫ್ 1.8. ತೂಕ ಸುಮಾರು 200 ಗ್ರಾಂ. ಕಿಟ್ ಲೆನ್ಸಿನ ಎಫ್ 5.6ಕ್ಕಿಂತ ಮೂರು ಸ್ಟಾಪಿಗೂ ಜಾಸ್ತಿ ಬೆಳಕು (ಒಂದು ಸ್ಟಾಪ್ ಏರಿದರೆ ಬೆಳಕು ಎರಡರಷ್ಟು). 1/30 ಇದ್ದದ್ದು 1/250 ಆಗುತ್ತದೆ. ಇಷ್ಟು ಸಾಕು ಸುಲಿಯುವ ಕೈಗೆ.

ಒಂದು ಎಚ್ಚರಿಕೆ. ಹಳೆಯ 50 ಎಂಎಂ 1.8 'ಡಿ' ಲೆನ್ಸು ಅಗ್ಗಕ್ಕೆ ಸಿಗುತ್ತದೆ ಅಂತ ಆಸೆ ಹುಟ್ಟುತ್ತದೆ. ಅದರೊಳಗೆ ಮೋಟಾರ್ ಇಲ್ಲ, ಬಾಡಿಯೇ ಅದನ್ನು ತಿರುಗಿಸಬೇಕು. ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಆ ಮೋಟಾರ್ ಇಲ್ಲ. ಡಿ7000, ಡಿ7200 ಬಾಡಿಯಲ್ಲಿ ಇದೆ. ಅಂಗಡಿಯವರು ಕೇಳದೆ ಹೇಳುವುದಿಲ್ಲ, ನೀವೇ ಕೇಳಿ.

ಆಮೇಲೆ ಎಲ್ಲರಿಗೂ ಹಿಡಿಯುವ ಹಕ್ಕಿ ಹುಚ್ಚು ನನಗೂ ಹಿಡಿಯಿತು. 55-200 ಬಂತು, 70-300 ಬಂತು, ಕೊನೆಗೆ ಡಿ7200 ಮತ್ತು 200-500 ಬಂತು. ಅದು ಎಫ್ 5.6, ಕ್ರಾಪ್ ಬಾಡಿ (ಸಣ್ಣ ಸೆನ್ಸರಿನ ಕ್ಯಾಮೆರಾ) ಮೇಲೆ 750ರ ತನಕದ ನೋಟ, ತೂಕ 2.3 ಕೆಜಿ. ಮಂಡಗದ್ದೆಯ ಹಕ್ಕಿಧಾಮದಲ್ಲಿ ಅದು ಚಿನ್ನ, ಸುಳ್ಳು ಹೇಳುವುದಿಲ್ಲ. ಈಗ ಅದರಲ್ಲಿ ಅರ್ಧ ಪಾಲನ್ನು ಗೆಳೆಯರೊಬ್ಬರಿಗೆ ಮಾರಿದ್ದೇನೆ. ಲೆನ್ಸು ಅವರ ಮನೆಯಲ್ಲೇ ಇರುತ್ತದೆ. ಬೇಕಾದಾಗ ತರುತ್ತೇನೆ, ಬೇಕಾಗುವುದು ಕಡಿಮೆ.

ಈಗಿನ ಚೀಲ: ಡಿ7200, ಅದೇ 35, ಒಂದು ಪೋಲರೈಸರ್, ಕ್ಲೋಸಪ್‌ಗೆ ರೇನಾಕ್ಸ್ 250, ಮತ್ತು ದೊಡ್ಡ ಕಪ್ಪು ಕೊಡೆ. ಚೀಲದ ಹಿಂದಿನ ಖಾನೆಯಲ್ಲಿ ಪ್ರಿಂಟ್‌ಗಳ ಲಕೋಟೆ. ಅದರ ಕಥೆ ಮುಂದೆ ಹೇಳುತ್ತೇನೆ. ನನ್ನ ದಾರಿ ತಿರುಗಿದ್ದು ಲೆನ್ಸಿನಿಂದ ಅಲ್ಲ, ಆ ಲಕೋಟೆಯಿಂದ.

ಹಾವಕ್ಕಿ

ಅರ್ಧ ಪಾಲು ಮಾರಿದ್ದು ಓದಿ ಹೊಟ್ಟೆ ಉರಿಯಿತು ಸರ್. 200-500 ಇಲ್ಲದೆ ಮಂಡಗದ್ದೆಗೆ ಹೋಗಿ ಎಂತ ಮಾಡ್ತೀರಿ? ಶಿವಮೊಗ್ಗದಿಂದ 30 ಕಿ.ಮೀ. ಹೋಗಿ ವೀಕ್ಷಣಾ ಗೋಪುರದ ಮೇಲೆ ನಿಂತರೆ ತುಂಗೆಯ ನಡುವೆ ಆ ಪುಟ್ಟ ದ್ವೀಪ. ಮರದ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ. 35ರಲ್ಲಿ ತೆಗೆದರೆ ಮರಕ್ಕೆ ಸುಣ್ಣ ಚಿಮುಕಿಸಿದ ಹಾಗೆ ಕಾಣುತ್ತದೆ, ಅಷ್ಟೆ.

ಹೊಸಬರಿಗೆ ಒಂದು ಮಾತು. ಬಿಳಿ ಹಕ್ಕಿಯ ಹಿಂದೆ ಕಪ್ಪು ಹಸಿರು ಇದ್ದಾಗ ಕ್ಯಾಮೆರಾದ ಮೀಟರ್ ಮೋಸ ಹೋಗುತ್ತದೆ. ಕತ್ತಲು ಜಾಸ್ತಿ ಇದೆ ಅಂದುಕೊಂಡು ಬೆಳಕು ಏರಿಸುತ್ತದೆ. ಗರಿಯ ಗೆರೆ ಎಲ್ಲ ಸುಟ್ಟು ಬಿಳಿ ಉಂಡೆ ಉಳಿಯುತ್ತದೆ. ಎಕ್ಸ್‌ಪೋಷರ್ ಮೈನಸ್ 0.7ರಿಂದ ಮೈನಸ್ 1ರ ತನಕ ಇಳಿಸಿ. ಅದೇ ಬೆಳ್ಳಕ್ಕಿ ಮೋಡದ ಮುಂದೆ ಹಾರಿದರೆ ಲೆಕ್ಕ ತಿರುಗುಮುರುಗು, ಪ್ಲಸ್‌ಗೆ ಹೋಗಬೇಕು. ಹಾರುವ ಹಕ್ಕಿಗೆ 1/1600ಕ್ಕಿಂತ ಕೆಳಗೆ ಇಳಿಯಬೇಡಿ. ಗೂಡಿನ ಮೇಲೆ ಕೂತದ್ದಕ್ಕೆ 1/500 ಸಾಕು.

ತುಂಗೆ ದಂಡೆ

ಹಾವಕ್ಕಿಯವರೇ, ಮಂಡಗದ್ದೆಗೆ ಅದೇ ಲೆನ್ಸು ಬೇಕು, ಒಪ್ಪಿದೆ. ಆದರೆ ಅಲ್ಲಿ ಗೂಡು ಕಟ್ಟುವ ಕಾಲ ಯಾವುದು? ಮಳೆಗಾಲ. ಪಟಪಟ ಮಳೆಯಲ್ಲಿ ಎರಡು ಕೆಜಿ ಲೆನ್ಸಿಗೆ ಒಂದು ಕೈ, ಕೊಡೆಗೆ ಒಂದು ಕೈ, ಶಟರ್ ಒತ್ತಲು ಮೂರನೆಯದ್ದು ಎಲ್ಲಿಂದ ತರಲಿ? ಬಿಸಿಲು ಕಾಲದಲ್ಲಿ ಹೊರಗೆ ಬರುವ ಸಾಮಾನು ಬೇರೆ, ಮಳೆಗಾಲದ್ದು ಬೇರೆ ಅಂತ ನಾನು ಮಾಡಿಕೊಂಡಿದ್ದೇನೆ. ನಮ್ಮಲ್ಲಿ ಮಳೆಗಾಲವೇ ಉದ್ದ.

ಕೊನೆ ಕೊಯ್ಲು

ನಂದು ಹೊಸನಗರ ಕಡೆ, ತೋಟ ಇದೆ. ಕ್ಯಾನನ್ 1200ಡಿ ಇಟ್ಟುಕೊಂಡಿದ್ದೇನೆ. ಕಳೆದ ಮಳೆಗಾಲ ಪೂರ್ತಿ ಗೋದ್ರೆಜ್ ಬೀರುವಿನಲ್ಲಿ, ಕ್ಯಾಮೆರಾ ಚೀಲದೊಳಗೇ ಇಟ್ಟಿದ್ದೆ. ದೀಪಾವಳಿಗೆ ತೆಗೆದು ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆಯ ಹಾಗೆ ಸಣ್ಣ ಎಳೆಗಳು. ಒರೆಸಿದರೆ ಹೋಗುತ್ತಿಲ್ಲ. ಎಂತ ಇದು ಮಾರಾಯ್ರೆ? ಮನೆಯಲ್ಲಿ ಅಮ್ಮ ಹೇಳುತ್ತಾರೆ, ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ ಅಂತ.

ತುಂಗೆ ದಂಡೆ

ಅದು ಫಂಗಸ್. ನಮ್ಮ ಕಡೆಯ ಕ್ಯಾಮೆರಾಗಳ ದೊಡ್ಡ ಶತ್ರು ಕಳ್ಳನಲ್ಲ, ಬೂಷ್ಟು. ಗಾಳಿಯ ತೇವ 60-70 ಪರ್ಸೆಂಟ್ ದಾಟಿ, ಕತ್ತಲಿದ್ದು, ಗಾಳಿ ಆಡದೆ ಇದ್ದರೆ ಅದು ಗಾಜಿನ ಮೇಲೂ ಬೆಳೆಯುತ್ತದೆ. ಜುಲೈನಲ್ಲಿ ಆಗುಂಬೆ, ಹೊಸನಗರದಲ್ಲಿ ತೇವ 90 ದಾಟಿಯೇ ಇರುತ್ತದೆ. ಬೀರು, ಅದರೊಳಗೆ ಸ್ಪಂಜು ತುಂಬಿದ ಚೀಲ. ಫಂಗಸ್‌ಗೆ ಇದಕ್ಕಿಂತ ಒಳ್ಳೆಯ ಮನೆ ಬೇರೆ ಬೇಕಾ?

ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಅಟ್ಟ ಒಣಗಿರುತ್ತದೆ. ಆದರೆ ಹೊಗೆಯ ಜಿಡ್ಡು ಗಾಜಿನ ಮೇಲೆ ಕೂತರೆ ಕೋಟಿಂಗ್ ಹಾಳು, ಬಿಸಿಗೆ ಒಳಗಿನ ಗ್ರೀಸ್ ಕರಗಿ ಬೆಳಕಿನ ಕಿಂಡಿಯ ಬ್ಲೇಡಿಗೆ ಹರಡುತ್ತದೆ. ಅಕ್ಕಿ ಡಬ್ಬವೂ ಬೇಡ, ದೂಳು.

ನಾನು ಮಾಡುವುದು ಇಷ್ಟು. ಗಾಳಿಯಾಡದ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬ. ಅದರೊಳಗೆ ಸಿಲಿಕಾ ಜೆಲ್ ಮತ್ತು ತೇವ ಅಳೆಯುವ ಸಣ್ಣ ಮೀಟರ್. ಮುಳ್ಳು 40-50ರ ನಡುವೆ ಇರಬೇಕು. ತೀರಾ ಒಣಗಿಸುವುದೂ ಬೇಡ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದನ್ನು ಅಡುಗೆ ಪಾತ್ರೆಯಲ್ಲಿ ಹುರಿಯಬೇಡಿ. ಕಿತ್ತಳೆ ಬಣ್ಣದ್ದು ತನ್ನಿ. ಕರೆಂಟ್ ನೆಟ್ಟಗಿರುವ ಮನೆಯಾದರೆ ಡ್ರೈ ಕ್ಯಾಬಿನೆಟ್ ಒಳ್ಳೆಯದು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದ ಮನೆಗೆ ಡಬ್ಬವೇ ಸರಿ. ಇದಕ್ಕಿಂತ ದೊಡ್ಡ ಔಷಧ ಅಂದರೆ ಕ್ಯಾಮೆರಾ ದಿನಾ ಬಳಸುವುದು. ಬೆಳಕು, ಗಾಳಿ ಬಿದ್ದರೆ ಅದು ಹಬ್ಬುವುದು ನಿಧಾನ.

ನಿಮ್ಮ ಲೆನ್ಸಿನ ಎಳೆಗಳು ಅಂಚಿನಲ್ಲಿದ್ದರೆ ಫೋಟೊದಲ್ಲಿ ಕಾಣುವುದಿಲ್ಲ. ನಡುವೆ ಇದ್ದರೆ ಬಿಸಿಲಿನ ಎದುರು ತೆಗೆದಾಗ ಮಂಜು ಕವಿದ ಹಾಗಾಗುತ್ತದೆ. ಕಿಟ್ ಲೆನ್ಸಾದರೆ ಬಿಚ್ಚಿ ತೊಳೆಸುವ ಖರ್ಚಿಗೆ ಇನ್ನೊಂದು ಹಳೆಯದೇ ಬರುತ್ತದೆ. ಅದನ್ನು ಉಳಿದ ಲೆನ್ಸುಗಳ ಜೊತೆ ಒಂದೇ ಡಬ್ಬದಲ್ಲಿ ಮಾತ್ರ ಇಡಬೇಡಿ.

ಮೊಬೈಲೇ ಸಾಕು

ಇಷ್ಟೆಲ್ಲ ಕಷ್ಟ ಯಾಕೆ ಸರ್? ಫೋನು ಜೇಬಲ್ಲಿ ಬೆಚ್ಚಗಿರುತ್ತದೆ, ಬೂಷ್ಟು ಹಿಡಿಯಲ್ಲ. ನೈಟ್ ಮೋಡ್ ಇದೆ. ಈಗಿನ ಫೋನುಗಳು ನೀರಿಗೂ ಬಗ್ಗಲ್ಲ. ನಿಮ್ಮ 35ಕ್ಕಿಂತ ಚೆನ್ನಾಗಿ ಬರುತ್ತದೆ ಅಂದರೆ ಬೈಬೇಡಿ.

ತುಂಗೆ ದಂಡೆ

ಯಾಕೆ ಬೈಯಲಿ? ಮಳೆಯಲ್ಲಿ ನಾನೂ ಫೋನಲ್ಲೇ ತೆಗೆಯುತ್ತೇನೆ. ನಿಂತ ವಸ್ತುವಿಗೆ ಅದು ಸಾಕೋ ಸಾಕು. ನೈಟ್ ಮೋಡ್ ಅಂದರೆ ಬೇಗ ಬೇಗ ಹಲವು ಫ್ರೇಮ್ ತೆಗೆದು ಒಂದರ ಮೇಲೊಂದು ಕೂರಿಸುವುದು. ಕದಲುವ ಮನುಷ್ಯ ಅದಕ್ಕೆ ಒಗ್ಗುವುದಿಲ್ಲ. ಸಾಣೆ ಹಿಡಿದ ಹಾಗೆ ಮುಖ ನುಣ್ಣಗೆ ಮಾಡಿಬಿಡುತ್ತದೆ. ನಮ್ಮೂರಿನ ಅಜ್ಜಿಯರ ಮುಖದ ಗೆರೆ ಅಳಿಸಲು ಫೋನಿಗೆ ಯಾರು ಹೇಳಿದರು? ನನಗೆ ಅದೊಂದೇ ಜಗಳ.

ಉಂಬಳ

ಅಣ್ಣ, ನಾನು ಕಾಲೇಜು ಹುಡುಗ, ಆಗುಂಬೆ ಹತ್ತಿರ. ಕಪ್ಪೆ ಫೋಟೊ ತೆಗೆಯುವ ಹುಚ್ಚು. ಹಾರುವ ಕಪ್ಪೆ ಮಳೆ ಶುರುವಾದ ಮೇಲೆ ನೀರಿನ ಮೇಲೆ ಬಾಗಿದ ಎಲೆಗೆ ನೊರೆಯ ಗೂಡು ಕಟ್ಟುತ್ತದಲ್ಲ, ಅದನ್ನು ತೆಗೆಯಬೇಕು. ಮ್ಯಾಕ್ರೊ ಲೆನ್ಸಿಗೆ ದುಡ್ಡಿಲ್ಲ. 55-250 ಇದೆ. ನೀವು ಹೇಳಿದ ರೇನಾಕ್ಸ್ ಹೇಗೆ?

ತುಂಗೆ ದಂಡೆ

ದುಡ್ಡಿಲ್ಲದವರಿಗೆ ಅದೇ ಸರಿ ತಮ್ಮಾ. ರೇನಾಕ್ಸ್ 250 ಅಂದರೆ 8 ಡಯಾಪ್ಟರ್ ಶಕ್ತಿಯ ಪುಟ್ಟ ಭೂತಗನ್ನಡಿ, ಲೆನ್ಸಿನ ಮುಂದೆ ಕ್ಲಿಪ್‌ನಲ್ಲಿ ಕಚ್ಚಿಸುವುದು. ಹಾಕಿದ ಮೇಲೆ ದೂರದ್ದು ಏನೂ ಕಾಣಲ್ಲ. ವಸ್ತು ಸುಮಾರು 12 ಸೆಂ.ಮೀ. ಹತ್ತಿರ ಇರಬೇಕು. ಫೋಕಸ್ ರಿಂಗ್ ಮುಟ್ಟದೆ ನೀನೇ ಹಿಂದೆ ಮುಂದೆ ಬಾಗು. ಎಫ್ 11, ಶಟರ್ 1/200, ಐಎಸ್‌ಒ 400, ಫ್ಲ್ಯಾಶ್ ಬೇಕೇ ಬೇಕು. ಫ್ಲ್ಯಾಶಿನ ಮುಂದೆ ಹಾಲಿನ ಬಣ್ಣದ ತೆಳು ಪ್ಲಾಸ್ಟಿಕ್ ಹಾಳೆ ಬಾಗಿಸಿ ಕಟ್ಟು. ಇಲ್ಲದಿದ್ದರೆ ಒದ್ದೆ ಕಪ್ಪೆ ಮೈಮೇಲೆಲ್ಲ ಬಿಳಿ ಚುಕ್ಕಿ ಹೊಳೆಯುತ್ತದೆ.

12 ಸೆಂ.ಮೀ. ಹತ್ತಿರ ಹೋಗಬೇಕು ಅಂದರೆ ಕಪ್ಪೆ ಒಪ್ಪಬೇಕು. ಗೂಡು ಕಟ್ಟುತ್ತಿರುವ ಜೋಡಿಯ ಹತ್ತಿರ ಹೋಗಲೇಬೇಡ. ಅಲ್ಲಿ ದೂರದಿಂದ 250ರಲ್ಲೇ ತೆಗಿ. ಕೊಂಬೆ ಬಗ್ಗಿಸುವುದು, ಅಡ್ಡ ಬಂದ ಎಲೆ ಕೀಳುವುದು ಬೇಡ. ಮರಿ ನೇರ ನೀರಿಗೆ ಬೀಳಲಿ ಅಂತಲೇ ಅದು ಆ ಎಲೆ ಆರಿಸಿದ್ದು.

ಹಾವಕ್ಕಿ

ಇದಕ್ಕೆ ನನ್ನದೂ ಒಂದು ಸೇರಿಸಿ. ಮೊಬೈಲಲ್ಲಿ ಹಕ್ಕಿ ಕೂಗು ಹಾಕಿ ಕರೆಯುವವರು ಜಾಸ್ತಿ ಆಗಿದ್ದಾರೆ. ಗೂಡಿನ ಕಾಲದಲ್ಲಿ ಹಕ್ಕಿ ಬೇರೆ ಗಂಡು ಬಂತು ಅಂತ ಗೂಡು ಬಿಟ್ಟು ಬರುತ್ತದೆ. ಹಾಗೆಯೇ ಕಾಳಿಂಗ ಸರ್ಪದ ಗೂಡು ಎಲ್ಲಿದೆ, ಯಾವ ಮರದಲ್ಲಿ ಮಂಗಟ್ಟೆ ಇದೆ ಅಂತ ಜಾಗದ ಸಮೇತ ಹಾಕಬೇಡಿ. ಮರುದಿನವೇ ಅಲ್ಲಿ ಹತ್ತು ಬೈಕು ನಿಂತಿರುತ್ತವೆ. ಫೋನಿನ ಲೊಕೇಶನ್ ಆಫ್ ಮಾಡಿ ಹಂಚಿ.

ಉಂಬಳ

ಸರಿ ಅಣ್ಣ. ಮಿಂಚುಹುಳಕ್ಕೂ ಫ್ಲ್ಯಾಶ್ ಬೇಡ ಅಲ್ವಾ?

ತುಂಗೆ ದಂಡೆ

ಫ್ಲ್ಯಾಶೂ ಬೇಡ, ಟಾರ್ಚೂ ಬೇಡ. ಆ ಮಿನುಗು ಹೆಣ್ಣು ಗಂಡಿನ ಮಾತುಕತೆ, ಬೇರೆ ಬೆಳಕು ಬಿದ್ದರೆ ಮಾತು ಕೆಡುತ್ತದೆ. ಮೇ ಕೊನೆ, ಜೂನ್ ಮೊದಲು, ದೊಡ್ಡ ಮಳೆ ಹಿಡಿಯುವ ಮುಂಚೆ. ಕತ್ತಲಾಗುವ ಮುಂಚೆಯೇ ಟ್ರೈಪಾಡ್ ನಿಲ್ಲಿಸಿ ಫೋಕಸ್ ಕಟ್ಟಿ ಇಟ್ಟುಕೋ. ಎಫ್ 2, ಐಎಸ್‌ಒ 1600, ಒಂದೊಂದು ಫ್ರೇಮ್ 20-30 ಸೆಕೆಂಡ್. ಮನೆಗೆ ಬಂದು ಒಂದರ ಮೇಲೊಂದು ಕೂರಿಸು. ಫೋಟೊ ಹಂಚುವಾಗ ಹಾಗೆ ಕೂರಿಸಿದ್ದು ಅಂತ ಬರೆದುಬಿಡು. ಒಂದೇ ಕ್ಷಣದಲ್ಲಿ ಕಾಡೆಲ್ಲ ಹಾಗೆ ಹೊಳೆಯುತ್ತದೆ ಅಂತ ನಂಬಿ ಬೆಂಗಳೂರಿನಿಂದ ಜನ ಬರುತ್ತಾರೆ, ಪಾಪ.

ಹಸೆ ಗೋಡೆ

ಪೋಲರೈಸರ್ ಯಾಕೆ ಇಟ್ಟಿದ್ದೀರಿ? ನಾನು ಸಾಗರದವಳು, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಅದು ಆಕಾಶ ನೀಲಿ ಮಾಡಲು ಅಂತ ಕೇಳಿದ್ದೆ. ಜೂನ್‌ನಿಂದ ಅಕ್ಟೋಬರ್ ತನಕ ನಮಗೆ ಆಕಾಶವೇ ಕಾಣುವುದಿಲ್ಲವಲ್ಲ.

ತುಂಗೆ ದಂಡೆ

ಮೇಡಂ, ನಮ್ಮಲ್ಲಿ ಅದರ ಕೆಲಸ ಆಕಾಶಕ್ಕಲ್ಲ, ಎಲೆಗೆ. ಮಳೆ ಬಿದ್ದ ಎಲೆ ಕಣ್ಣಿಗೆ ಹಸಿರು, ಕ್ಯಾಮೆರಾಗೆ ಬಿಳಿ. ಮೋಡದ ಬೆಳಕು ಎಲೆಯ ನೀರಿನ ಪದರಕ್ಕೆ ಬಡಿದು ವಾಪಸ್ ಬರುತ್ತದೆ. ಪೋಲರೈಸರ್ ತಿರುಗಿಸಿದರೆ ಆ ಹೊಳಪು ಕಡಿಮೆಯಾಗಿ ಒಳಗಿನ ಬಣ್ಣ ಬರುತ್ತದೆ. ಒದ್ದೆ ಬಂಡೆ, ಹೊಳೆಯ ನೀರು, ಹೆಂಚು ಎಲ್ಲದಕ್ಕೂ ಹೀಗೆಯೇ. ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ, ಅದಕ್ಕೆ ತಯಾರಿರಬೇಕು. ಈ ಹೊಳಪನ್ನು ಆಮೇಲೆ ಕಂಪ್ಯೂಟರಿನಲ್ಲಿ ತೆಗೆಯಲು ಆಗುವುದಿಲ್ಲ. ಅಲ್ಲಿ ಬಣ್ಣ ಹೋಗೇ ಬಿಟ್ಟಿರುತ್ತದೆ. ನನ್ನ ಪ್ರಕಾರ ಮಲೆನಾಡಿನವರು ಎರಡನೇ ಲೆನ್ಸಿಗಿಂತ ಮುಂಚೆ ಕೊಳ್ಳಬೇಕಾದ್ದು ಇದು.

ಇನ್ನೊಂದು ಹಸಿರಿನ ಕಾಟ. ತೋಟದ ಒಳಗೆ ನಿಂತವರ ಮುಖ ಹಸಿರಾಗುತ್ತದೆ, ಕಾಮಾಲೆ ಬಂದವರ ಹಾಗೆ. ಬೆಳಕೇ ಎಲೆಯಿಂದ ಸೋಸಿ ಬರುವುದರಿಂದ ಆಟೊ ವೈಟ್ ಬ್ಯಾಲೆನ್ಸ್, ಅಂದರೆ ಕ್ಯಾಮೆರಾ ತಾನೇ ಬಣ್ಣ ಸರಿ ಮಾಡುವುದು, ಸೋಲುತ್ತದೆ. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಫೈಲ್) ಇಟ್ಟುಕೊಂಡು, ಆ ಬೆಳಕಲ್ಲಿ ಒಂದು ಬೂದು ಕಾರ್ಡ್ ಹಿಡಿದು ಒಂದು ಫ್ರೇಮ್ ತೆಗೆದುಕೊಳ್ಳಿ. ಆಮೇಲೆ ಸರಿ ಮಾಡುವುದು ಸುಲಭ. ಕಾರ್ಡ್ ಇಲ್ಲವೇ, ತೊಳೆದ ಬಿಳಿ ಪಂಚೆಯೂ ನಡೆಯುತ್ತದೆ. ನೀಲಿ ಹಾಕಿ ಒಗೆದದ್ದು ಬೇಡ.

ಜೋಗದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. 253 ಮೀಟರ್ ಎತ್ತರ ಅಂತ ಎಲ್ಲರಿಗೂ ಗೊತ್ತು. ಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ನೀರು ಎಷ್ಟು ಬೀಳಬೇಕು ಅನ್ನುವುದು ಶರಾವತಿಯೊಬ್ಬಳ ಕೈಯಲ್ಲಿಲ್ಲ. ಮಳೆಗಾಲದಲ್ಲಿ ಹೋದರೆ ಮಂಜು ತೆರೆ ಎಳೆದ ಹಾಗೆ ಮುಚ್ಚುತ್ತದೆ, ತೆರೆಯುತ್ತದೆ. ಮಂಜಲ್ಲಿ ಆಟೊ ಫೋಕಸ್ ತಡಕಾಡುತ್ತದೆ. ತೆರೆದಿದ್ದಾಗ ಫೋಕಸ್ ಕಟ್ಟಿ, ಮ್ಯಾನುಯಲ್‌ಗೆ ಹಾಕಿ ಕಾಯಿರಿ. ಎಕ್ಸ್‌ಪೋಷರ್ ಪ್ಲಸ್ 0.7 ಕೊಡಿ, ಇಲ್ಲದಿದ್ದರೆ ಬಿಳಿ ಮಂಜು ಬೂದಿ ಬಣ್ಣಕ್ಕೆ ತಿರುಗುತ್ತದೆ. ಎಲ್ಲರೂ ನೀರನ್ನು ರೇಷ್ಮೆ ಮಾಡುತ್ತಾರಲ್ಲ, ಶಟರ್ ಅರ್ಧ ಸೆಕೆಂಡ್ ತೆರೆದು. ರಾಣಿಗೆ ಅದು ಒಪ್ಪುತ್ತದೆ. ರೋರರ್, ರಾಕೆಟ್‌ಗೆ ನನಗೆ ಒಪ್ಪುವುದಿಲ್ಲ. ಅವು ಅಬ್ಬರಿಸುವ ನೀರು. 1/1000ದಲ್ಲಿ ನಿಲ್ಲಿಸಿದರೆ ಉಂಡೆ ಉಂಡೆಯಾಗಿ ಬೀಳುವುದು ಕಾಣುತ್ತದೆ.

ಹಳೆ ರೋಲು

ನಾನು ಭದ್ರಾವತಿಯವನು, ರಿಟೈರ್ಡ್. ಅಗ್ಫಾ ಕ್ಲಿಕ್ ತ್ರೀಯಲ್ಲಿ ಶುರು ಮಾಡಿದವನು. ಒಂದು ರೋಲಿಗೆ 12 ಫೋಟೊ. ಆಮೇಲೆ ಹಾಟ್‌ಶಾಟ್, ಯಾಶಿಕಾ. 36 ಸಿಗುವ ರೋಲು ಬಂದಾಗ ಶ್ರೀಮಂತ ಆದ ಹಾಗಾಗಿತ್ತು. ಇಷ್ಟು ಹೊತ್ತು ಸಾಮಾನಿನ ಮಾತೇ ಆಯಿತು. ಲಕೋಟೆಯ ಕಥೆ ಹೇಳಿ ಮಾರಾಯರೆ. ನಾನು ಕಾಯುತ್ತಿರುವುದು ಅದಕ್ಕೆ.

ತುಂಗೆ ದಂಡೆ

ಹೇಳುತ್ತೇನೆ ಸರ್.

ನಮ್ಮ ಊರಿನ ಕೊನೆಗಾರರೊಬ್ಬರು, ಅಡಿಕೆ ಮರ ಹತ್ತಿ ಗೊನೆ ಕೊಯ್ಯುವವರು. ಕೊಯ್ಲಿನ ಸಮಯದಲ್ಲಿ ಅವರು ಒಂದು ಮರದಿಂದ ಇನ್ನೊಂದು ಮರಕ್ಕೆ ಮೇಲಿಂದ ಮೇಲೇ ದಾಟುವುದನ್ನು ಕೆಳಗೆ ನಿಂತು ತೆಗೆದೆ. ಬೆನ್ನ ಹಿಂದೆ ಬೆಳಕು, ಬಾಗಿದ ಮರ, ಚಾಚಿದ ಕೈ. ನೋಡಿದವರೆಲ್ಲ ಹೊಗಳಿದರು. ದೊಡ್ಡ ಪ್ರಿಂಟ್ ಹಾಕಿಸಿ ಅವರಿಗೆ ಕೊಟ್ಟೆ. ಅವರು ಸ್ವಲ್ಪ ಹೊತ್ತು ನೋಡಿ ಹೇಳಿದ್ದು ಹೀಗೆ: "ಇದನ್ನ ಮನೇಲಿ ಹಾಕಕ್ಕೆ ಆಗಲ್ಲ ಅಯ್ಯಾ. ನಮ್ಮನೆಯವಳು ಕಂಡ್ರೆ ನಾಳೆಯಿಂದ ಮರ ಹತ್ತಕ್ಕೆ ಬಿಡಲ್ಲ." ಆಮೇಲೆ, "ಬಿಳಿ ಶರ್ಟು ಹಾಕ್ಕೊಂಡು ಬರ್ತೀನಿ, ಒಂದು ನೆಟ್ಟಗೆ ತೆಗೀರಿ."

ತೆಗೆದೆ. ಬಿಳಿ ಶರ್ಟು, ಒದ್ದೆ ಮಾಡಿ ಬಾಚಿದ ಕೂದಲು, ವಾಚು ಕಾಣುವ ಹಾಗೆ ಕೈ. ಹಿಂದೆ ಅವರೇ ಕೊಯ್ದ ಗೊನೆಗಳ ರಾಶಿ. ಆ ಜಾಗ ಅವರೇ ಆರಿಸಿದ್ದು. ಕಾಲಿನಿಂದ ತಲೆ ತನಕ ಪೂರ್ತಿ ಬರಬೇಕು ಅಂದರು. ಅದು ಈಗ ಅವರ ಜಗುಲಿಯ ಗೋಡೆಯಲ್ಲಿದೆ. ಮರದ ಮೇಲಿನದ್ದು ನನ್ನ ಕಂಪ್ಯೂಟರಿನಲ್ಲಿದೆ.

ಅಲ್ಲಿಂದ ಮುಂದೆ ಯಾರನ್ನು ತೆಗೆದರೂ ಎರಡು ತೆಗೆಯುತ್ತೇನೆ. ಒಂದು ಅವರು ಕೇಳಿದ ಹಾಗೆ, ಒಂದು ನಾನು ಕಂಡ ಹಾಗೆ. ಮೊದಲು ಅವರದ್ದು. ಅದು ಮುಗಿದ ಮೇಲೆ ಅವರು ಕ್ಯಾಮೆರಾ ಮರೆಯುತ್ತಾರೆ, ನನ್ನದು ಸಿಗುತ್ತದೆ. ಮುಂದಿನ ಸಲ ಹೋಗುವಾಗ ಪ್ರಿಂಟ್ ಒಯ್ಯುತ್ತೇನೆ. ದೊಡ್ಡ ಲೆನ್ಸು ಬೇಡವಾಗಿದ್ದು ಹೀಗೆ. 35ರಲ್ಲಿ ಒಬ್ಬರ ಫೋಟೊ ತೆಗೆಯಬೇಕು ಅಂದರೆ ಅವರ ಜೊತೆ ಮಾತಾಡುವಷ್ಟು ಹತ್ತಿರ ಹೋಗಲೇಬೇಕು. ಬೇರೆ ದಾರಿ ಇಲ್ಲ.

ಹಾವಕ್ಕಿ

ಜಗಳ ಅಂದುಕೊಳ್ಳಬೇಡಿ ಸರ್. ಬಿಳಿ ಶರ್ಟು ಹಾಕಿಸಿ ನಿಲ್ಲಿಸುವುದು ಸ್ಟುಡಿಯೊ ಕೆಲಸ. ನಾವು ಹವ್ಯಾಸಿಗಳು ಯಾಕೆ ಅದನ್ನು ಮಾಡಬೇಕು? ಆ ಮರ ದಾಟುವ ಫೋಟೊ ಇದೆಯಲ್ಲ, ಮುಂದಿನ ಪೀಳಿಗೆಗೆ ಬೇಕಾಗುವುದು ಅದು. ಈಗ ಕೆಳಗೆ ನಿಂತು ಫೈಬರ್ ದೋಟಿಯಲ್ಲಿ ಕೊಯ್ಯುತ್ತಾರೆ. ಮರ ಹತ್ತುವವರೇ ಸಿಗುವುದಿಲ್ಲ.

ಹಳೆ ರೋಲು

ಸ್ಟುಡಿಯೊ ಅಂದರೆ ಅಷ್ಟು ಹಗುರ ಮಾಡಬೇಡಿ ತಮ್ಮಾ. ನಮ್ಮ ಕಾಲದಲ್ಲಿ ಒಂದು ಮನೆಯಲ್ಲಿ ಮದುವೆಗೊಂದು, ಸತ್ತ ಮೇಲೆ ಗೋಡೆಗೆ ಹಾಕಲು ಒಂದು ಫೋಟೊ. ಎಷ್ಟೋ ಮನೆಯಲ್ಲಿ ಎರಡೂ ಒಂದೇ. ಜೀವಮಾನಕ್ಕೆ ಒಂದೇ ಸಿಗುವುದಾದರೆ ನೀವಾದರೂ ಬೆವರು ಸುರಿಸಿಕೊಂಡು ನಿಲ್ಲುತ್ತಿದ್ದಿರಾ? ಕಾಲು ಕತ್ತರಿಸಬೇಡಿ ಅಂತ ಜನ ಹೇಳುತ್ತಿದ್ದರು. ಅರ್ಧ ದೇಹದ ಫೋಟೊ ಅಂದರೆ ಪಾಸ್‌ಪೋರ್ಟಿಗೆ ಮಾತ್ರ.

ಹಸೆ ಗೋಡೆ

ಇಬ್ಬರ ಮಾತೂ ಸ್ವಲ್ಪ ಆಚೆ ನಿಲ್ಲಲಿ. ನಾನು ನೋಡಿದ್ದು ಹೇಳುತ್ತೇನೆ.

ಭೂಮಿ ಹುಣ್ಣಿಮೆ ಬಂದರೆ ನಮ್ಮ ಸುತ್ತಿನ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ, ಅಂದರೆ ಗದ್ದೆ ಪೂಜೆಗೆ ಒಯ್ಯುವ ಬುಟ್ಟಿಗೆ, ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಈಗ ಅದನ್ನು ತೆಗೆಯಲು ಕ್ಯಾಮೆರಾದವರು ಬರುತ್ತಾರೆ. ಬಂದವರು ಏನು ತೆಗೆಯುತ್ತಾರೆ ಗೊತ್ತಾ? ಬುಟ್ಟಿ. ಕೈ. ಬಳೆ. ಮುಖ ಬೇಡ. ಬರೆದವಳ ಹೆಸರು ಬೇಡ. "ಮಲೆನಾಡಿನ ಜಾನಪದ ಕಲೆ" ಅಂತ ಹಾಕಿ ಹೋಗುತ್ತಾರೆ. ಪಕ್ಕದ ಮನೆಯ ಚಿತ್ತಾರ ಬೇರೆ, ಈ ಮನೆಯದ್ದು ಬೇರೆ. ಗೆರೆ ನೋಡಿದರೆ ಯಾರ ಕೈ ಅಂತ ನಮಗೆ ಗೊತ್ತಾಗುತ್ತದೆ.

ಒಬ್ಬರು ಹೆಂಗಸು ನನ್ನ ಹತ್ತಿರ ಕೇಳಿದ್ದರು, "ಅಕ್ಕಾ, ಅಷ್ಟು ಜನ ತೆಗೆದ್ರಲ್ಲ, ನಂಗೆ ಒಂದಾದ್ರೂ ಬರತ್ತಾ?" ಅಂತ. ಹಾಗಾಗಿ ಲಕೋಟೆಯ ಕಥೆಗೆ ನನ್ನ ಮತ. ಎರಡು ತೆಗೆಯುವುದಕ್ಕೂ ಮತ. ಆದರೆ ನೀವು ಕಂಡ ಹಾಗೆ ತೆಗೆದದ್ದನ್ನು ಎಲ್ಲಿ ಹಾಕುತ್ತೀರಿ ಅಂತ ಅವರಿಗೆ ಹೇಳುತ್ತೀರಾ?

ತುಂಗೆ ದಂಡೆ

ಈಗ ಹೇಳುತ್ತೇನೆ ಮೇಡಂ. ಕ್ಯಾಮೆರಾದ ಪರದೆಯಲ್ಲಿ ಎರಡನ್ನೂ ತೋರಿಸುತ್ತೇನೆ. "ಇದನ್ನ ಬೇರೆಯವರಿಗೆ ತೋರಿಸಬಹುದಾ?" ಅಂತ ಕೇಳುತ್ತೇನೆ. ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಕೊನೆಗಾರರ ಮರದ ಮೇಲಿನ ಫೋಟೊ ಇಲ್ಲಿ ಹಾಕದೇ ಇರುವುದು ಅದಕ್ಕೇ. ಹಾವಕ್ಕಿಯವರು ಅದನ್ನು ನೋಡಬೇಕಾದರೆ ನಮ್ಮ ಮನೆಗೆ ಬರಲಿ, ಕಾಫಿ ಕೊಡುತ್ತೇನೆ.

ಮುಂದಿನ ಪೀಳಿಗೆಯ ಮಾತು ಒಪ್ಪುತ್ತೇನೆ. ಸಿಗಂದೂರಿನ ಲಾಂಚ್‌ನಲ್ಲಿ ತೆಗೆದ ಫೋಟೊಗಳು ನನ್ನ ಹತ್ತಿರ ಬಹಳ ಇವೆ. ಬಸ್ಸು, ಜೀಪು, ಹಣ್ಣುಕಾಯಿ ಬುಟ್ಟಿ, ಮದುವೆ ದಿಬ್ಬಣ ಎಲ್ಲ ಒಟ್ಟಿಗೆ ಹಿನ್ನೀರು ದಾಟುವುದು. 2025ರ ಜುಲೈನಲ್ಲಿ ಸೇತುವೆ ತೆರೆಯಿತು. ಎರಡು ಕಿ.ಮೀ.ಗಿಂತ ಉದ್ದ, ತಂತಿಗಳ ಮೇಲೆ ನಿಂತ ಸೇತುವೆ. ಆ ಕಡೆಯವರಿಗೆ ಆಸ್ಪತ್ರೆ, ಕಾಲೇಜು ಹತ್ತಿರವಾಯಿತು. ಅದನ್ನು ಬಿಟ್ಟು ಲಾಂಚ್ ಚೆಂದ ಇತ್ತು ಅಂತ ಫೋಟೊ ಹಿಡಿದು ಅಳುವವರ ಗುಂಪಿಗೆ ನಾನು ಸೇರುವುದಿಲ್ಲ. ಲಾಂಚಿನ ಫೋಟೊದಲ್ಲಿ ಇದ್ದವರಿಗೆ ಈಗ ಪ್ರಿಂಟ್ ಮುಟ್ಟಿಸುವ ಕೆಲಸ ನಡೆದಿದೆ. ಎಷ್ಟೋ ಜನರ ಹೆಸರು ಗೊತ್ತಿಲ್ಲ. ಅಂಗಡಿಯಲ್ಲಿ ತೋರಿಸಿದರೆ, "ಓ, ಇವ್ರು ತುಮರಿಯವ್ರು" ಅಂತ ಹೇಳುತ್ತಾರೆ.

ಹಾವಕ್ಕಿ

ಕಾಫಿಗೆ ಬರುತ್ತೇನೆ. ಹಾಗೇ ಆ 200-500ದ ಉಳಿದ ಅರ್ಧ ಪಾಲಿನ ಮಾತೂ ಆಡೋಣ.

ಉಂಬಳ

ನಮ್ಮ ಊರಿನಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆ ಬರುತ್ತದೆ. ರಾತ್ರಿ ಮನೆ ಮನೆಗೆ ದೀಪ ಹಿಡಿದುಕೊಂಡು ಹಾಡುತ್ತಾ ಬರುವವರು. ಅದಕ್ಕೆ ಎಷ್ಟು ಐಎಸ್‌ಒ ಇಡಲಿ? ಫ್ಲ್ಯಾಶ್ ಹಾಕಿದರೆ ದೀಪವೇ ಕಾಣಲ್ಲ.

ತುಂಗೆ ದಂಡೆ

ಫ್ಲ್ಯಾಶ್ ಬೇಡ. 50 ಎಂಎಂ 1.8 ಯಾರದ್ದಾದರೂ ಕೇಳಿ ತೆಗೆದುಕೋ. ಐಎಸ್‌ಒ 3200ರಿಂದ 6400, ಎಫ್ 2, 1/60. ಕಾಳು ಕಾಳು ಬರುತ್ತದೆ, ಬರಲಿ. ಮನೆಯವರಿಗೆ ಕೊಡುವ ಸಣ್ಣ ಪ್ರಿಂಟಿನಲ್ಲಿ ಅದು ಕಣ್ಣಿಗೆ ಹೊಡೆಯುವುದಿಲ್ಲ. ವೈಟ್ ಬ್ಯಾಲೆನ್ಸ್ ಆಟೊ ಬಿಡಬೇಡ, 3000 ಕೆಲ್ವಿನ್ ಹತ್ತಿರ ಇಡು. ಎಣ್ಣೆ ದೀಪದ ಕೆಂಪು ಸ್ವಲ್ಪ ಉಳಿಯಬೇಕು. ಅವರು ಜಗುಲಿಯಲ್ಲಿ ನಿಂತು ಹಾಡುವಾಗ ಮನೆಯವರು ದೀಪಕ್ಕೆ ಎಣ್ಣೆ ಎರೆಯುತ್ತಾರಲ್ಲ, ಆಗ ಎಲ್ಲರ ಮುಖ ದೀಪದ ಹತ್ತಿರ ಇರುತ್ತದೆ. ನೀನು ಮುಂಚೆಯೇ ಮನೆಯ ಒಳಗೆ ನಿಂತಿರು, ಅವರ ದಾರಿಗೆ ಅಡ್ಡ ಬರಬೇಡ. ದೀಪ ಆರಬಾರದು ಅಂತ ಅವರಿಗೆ ಜೀವ ಕೈಯಲ್ಲಿರುತ್ತದೆ.

ಕೊನೆ ಕೊಯ್ಲು

ಪ್ರಿಂಟ್ ಅಂದಿದ್ದಕ್ಕೆ ಕೇಳುತ್ತೇನೆ. ನಮ್ಮನೆಯ ಫೋಟೊಗಳೆಲ್ಲ ಫ್ರೇಮಿನ ಗಾಜಿಗೆ ಅಂಟಿಕೊಂಡಿವೆ. ತೆಗೆದರೆ ಕಿತ್ತು ಬರುತ್ತದೆ. ನೀವು ಕೊಡುವ ಪ್ರಿಂಟ್‌ಗಳಿಗೆ ಹಾಗಾಗಲ್ವಾ? ಲ್ಯಾಮಿನೇಷನ್ ಮಾಡಿಸುತ್ತೀರಾ?

ತುಂಗೆ ದಂಡೆ

ಮನೆಯ ಇಂಕ್‌ಜೆಟ್ ಪ್ರಿಂಟ್ ನಮ್ಮ ತೇವಕ್ಕೆ ತಡೆಯುವುದಿಲ್ಲ, ಬಣ್ಣ ಹಬ್ಬುತ್ತದೆ. ನಾನು ಕಲರ್ ಲ್ಯಾಬಿನಲ್ಲಿ ಫೋಟೊ ಪೇಪರಿನ ಮೇಲೆಯೇ ಹಾಕಿಸುತ್ತೇನೆ, ಮ್ಯಾಟ್. ಗ್ಲಾಸಿ ಬೇಗ ಅಂಟುತ್ತದೆ. ಜಗುಲಿಗೆ ಹಾಕುವವರಿಗೆ ಲ್ಯಾಮಿನೇಷನ್. ಅದು ನನಗೆ ಇಷ್ಟವಿಲ್ಲ, ಹೊಳೆಯುತ್ತದೆ. ಆದರೆ ಅವರು ಒರೆಸುವುದು ಒದ್ದೆ ಬಟ್ಟೆಯಲ್ಲಿ, ಹಾಗಾಗಿ ಅವರಿಗೆ ಅದೇ ಸರಿ. ಗಾಜಿನ ಫ್ರೇಮ್ ಬೇಕು ಅಂದವರಿಗೆ ಫೋಟೊಕ್ಕೂ ಗಾಜಿಗೂ ನಡುವೆ ಸುತ್ತ ದಪ್ಪ ರಟ್ಟಿನ ಅಂಚು ಹಾಕಿಸಿ ಕೊಡುತ್ತೇನೆ. ಗಾಜು ಫೋಟೊವನ್ನು ಮುಟ್ಟಬಾರದು, ಅಷ್ಟೇ.

ಹಳೆ ರೋಲು

ಅಂಟಿದ್ದನ್ನು ಚಾಕು ಹಾಕಿ ಎಬ್ಬಿಸಬೇಡಿ. ಮೊದಲು ಗಾಜಿನ ಸಮೇತವೇ ಒಂದು ಕಾಪಿ ತೆಗೆದಿಟ್ಟುಕೊಳ್ಳಿ. ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ. ಗಾಜಿನಲ್ಲಿ ನಿಮ್ಮ ಶರ್ಟು ಕಾಣದ ಹಾಗೆ ಕಪ್ಪು ಬಟ್ಟೆಗೆ ತೂತು ಮಾಡಿ ಲೆನ್ಸು ಅದರಲ್ಲಿ ತೂರಿಸಿ. ಅದು ಕೈಯಲ್ಲಿದ್ದ ಮೇಲೆ ಬೇಕಾದರೆ ಗಾಜು, ಫೋಟೊ ಎರಡನ್ನೂ ಒಟ್ಟಿಗೆ ತಣ್ಣೀರಿನಲ್ಲಿ ನೆನೆಸಿ. ಹಳೆಯ ಲ್ಯಾಬ್ ಪ್ರಿಂಟ್ ಆದರೆ ಕೆಲವು ತಾನಾಗಿ ಬಿಟ್ಟುಕೊಳ್ಳುತ್ತವೆ. ಇಂಕ್‌ಜೆಟ್ ಆದರೆ ನೀರು ಮುಟ್ಟಿಸಬೇಡಿ.

ಕೊನೆ ಕೊಯ್ಲು

ಅಜ್ಜನದ್ದು ಕಪ್ಪು ಬಿಳುಪು, ಸ್ಟುಡಿಯೊದ್ದು. ಮೊದಲು ಕಾಪಿ ತೆಗೆಯುತ್ತೇನೆ. ಫಂಗಸ್ ಹಿಡಿದ ಲೆನ್ಸಿನಲ್ಲಿ ಆಗುತ್ತದಾ?

ತುಂಗೆ ದಂಡೆ

ಆಗುತ್ತದೆ, ಎದುರು ಬೆಳಕಿಲ್ಲವಲ್ಲ. ಎಫ್ 8, ಟ್ರೈಪಾಡ್, ಐಎಸ್‌ಒ 100. ಫೈಲ್ ಕಳಿಸಿ, ನಾನು ಈ ವಾರ ಲ್ಯಾಬಿಗೆ ಹೋಗುವಾಗ ಅದನ್ನೂ ಹಾಕಿಸುತ್ತೇನೆ.